ಬಾವಿಯ ಹೂಳು, ಕಾಲುಸಂಕದ ಹಗ್ಗ

ಇಬ್ಬರೂ ಆಗಷ್ಟೇ ಕಾರ್ಕಳದಿಂದ ಬಂದಿದ್ದರು. ಒಬ್ಬರು ಅಂಚೆ ಇಲಾಖೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಕಾಪುವಿನಲ್ಲಿ ನೆಲೆಸಿದ ಮಾವ. ಇನ್ನೊಬ್ಬಳು ಮಣಿಪಾಲದಲ್ಲಿ ನರಕೋಶಗಳ ಮೇಲೆ ಸಂಶೋಧನೆ ಮಾಡುವ, ಅವರ ತಂಗಿಯ ಮಗಳು. ಕಾರ್ಕಳದ ಮನೆಯಲ್ಲಿರುವುದು ಮಾವನ ಅಕ್ಕ, ಹುಡುಗಿಗೆ ದೊಡ್ಡಮ್ಮ. ಕಾಪುವಿನ ದೀಪಸ್ತಂಭದ ಕೆಳಗೆ ಬಂಡೆಯ ಮೇಲೆ ಕುಳಿತು ಕಾಲು ಗಂಟೆಯಾದರೂ ಮಾವ ಬಾಯಿ ಬಿಟ್ಟಿರಲಿಲ್ಲ.

ಮಾವ: ಅಕ್ಕ ಇವತ್ತು ನನ್ನನ್ನು ‘ಈರ್ ಏರ್?’, ನೀವು ಯಾರು ಅಂತ ತುಳುವಿನಲ್ಲಿ ಕೇಳಿದಳು.

ಸೊಸೆ: ಕೇಳಿಸಿತು ಮಾವ.

ಮಾವ: ಗುರುತು ಸಿಗಲಿಲ್ಲ, ಹೋಗಲಿ. ಹುಟ್ಟಿದಾಗಿನಿಂದ ನನಗೆ ‘ಈ’ ಅಂತ ಏಕವಚನದಲ್ಲೇ ಗದರಿಸಿದವಳು ಇವತ್ತು ‘ಈರ್’ ಅಂದಳು ನೋಡು, ನೆಂಟರಿಗೆ ಕೊಡುವ ಮರ್ಯಾದೆ ಕೊಟ್ಟಳು. ಅದು ಚುಚ್ಚಿತು. ಐದು ನಿಮಿಷ ಮೊದಲು ಅದೇ ಬಾಯಲ್ಲಿ ಅತ್ತೂರು ಸಾಂತ್‌ಮಾರಿಯ ಕತೆ ಹೇಳಿದ್ದಳು. ಜಾತ್ರೆಯಲ್ಲಿ ಸಣ್ಣ ತಮ್ಮ ಒಂದು ಚಪ್ಪಲಿ ಕಳೆದುಕೊಂಡು ಮನೆವರೆಗೆ ಕುಂಟುತ್ತಾ ಬಂದದ್ದು, ಚಪ್ಪಲಿಯ ಬಣ್ಣ ಸಮೇತ. ಆ ತಮ್ಮ ನಾನೇ ಅಲ್ವಾ? ಅರವತ್ತು ವರ್ಷದ ಹಿಂದಿನ ನನ್ನನ್ನು ಬಲ್ಲವಳಿಗೆ ಎದುರಿಗೆ ಕೂತ ನಾನು ಕಾಣುವುದಿಲ್ಲ ಅಂದರೆ ಎಂತ ಲೆಕ್ಕ ಇದು?

ಸೊಸೆ: ಮನೆಯವರು ಎಂತ ಹೇಳುತ್ತಾರೆ?

ಮಾವ: ಒಬ್ಬರು, ಬೇಕು ಬೇಕಂತಲೇ ಮಾಡುತ್ತಾಳೆ ಅನ್ನುತ್ತಾರೆ. ಇನ್ನೊಬ್ಬರು, ಅರವತ್ತಕ್ಕೆ ಅರಳು ಮರಳು ಅಲ್ವಾ, ವಯಸ್ಸಾಯಿತು ಬಿಡಿ ಅನ್ನುತ್ತಾರೆ. ಡಾಕ್ಟರು ಅಲ್‌ಝೈಮರ್ ಅಂದರು. ಅದು ಬರೀ ಹೆಸರಾಯಿತು, ವಿಷಯ ಆಗಲಿಲ್ಲ.

ಸೊಸೆ: ಗಾದೆ ವಯಸ್ಸನ್ನು ದೂರುತ್ತದೆ. ವಯಸ್ಸು ದಾರಿ ಮಾಡಿಕೊಡುತ್ತದೆ, ನಿಜ. ಆದರೆ ತೊಂಬತ್ತರಲ್ಲೂ ಅರಳು ಮರಳಾಗದವರು ಎಷ್ಟು ಜನ ಇಲ್ಲ? ಇದು ರೋಗ ಮಾವ, ಕಣ್ಣಿಗೆ ಕಾಣುವ ರೋಗ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬೊಟ್ಟು ಮಾಡಿ ತೋರಿಸಬಹುದು. ಈ ದೀಪಸ್ತಂಭ ಕಟ್ಟಿದ್ದು ಯಾವ ವರ್ಷ?

ಮಾವ: 1901. ಊರಿನ ಮಕ್ಕಳಿಗೂ ಗೊತ್ತು.

ಸೊಸೆ: ಅದೇ 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಅಗಸ್ಟೆ ಡೀಟರ್ ಅನ್ನುವ ಹೆಂಗಸನ್ನು ಕರೆತಂದರು. ವಯಸ್ಸು 51. ತನ್ನ ಹೆಸರು ಬರೆಯಲು ಹೊರಟರೆ ಅರ್ಧಕ್ಕೆ ಮರೆತು ನಿಲ್ಲುತ್ತಿದ್ದಳು. ನೋಡಿದ ವೈದ್ಯ ಆಲೋಯಿಸ್ ಅಲ್‌ಝೈಮರ್. 1906ರಲ್ಲಿ ಅವಳು ತೀರಿಕೊಂಡಾಗ ಆತ ಮ್ಯೂನಿಕ್‌ನಲ್ಲಿದ್ದ. ಮಿದುಳನ್ನು ಅಲ್ಲಿಗೆ ತರಿಸಿಕೊಂಡು, ತೆಳ್ಳಗೆ ಸೀಳಿ, ಬೆಳ್ಳಿಯ ಲವಣದಲ್ಲಿ ಬಣ್ಣ ಹಾಕಿ ನೋಡಿದ. ಎರಡು ವಸ್ತು ಕಂಡವು. ನರಕೋಶಗಳ ಹೊರಗೆ ಗಟ್ಟಿ ಗಸಿಯಂಥ ಚುಕ್ಕೆಗಳು. ಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನ ಉಂಡೆಗಳು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗೆನ್‌ನ ಸಭೆಯಲ್ಲಿ ಅದನ್ನು ಹೇಳಿದ. 1910ರಲ್ಲಿ ಮನೋವೈದ್ಯ ಕ್ರೇಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ರೋಗಕ್ಕೆ ಅಲ್‌ಝೈಮರನ ಹೆಸರಿಟ್ಟ.

ಮಾವ: ಹೊರಗೊಂದು ಗಸಿ, ಒಳಗೊಂದು ಸಿಕ್ಕು. ಗಸಿ ಎಂಥದರದ್ದು?

ಸೊಸೆ: ಅದು ತಿಳಿಯಲು 1984ರ ತನಕ ಕಾಯಬೇಕಾಯಿತು. ಜಾರ್ಜ್ ಗ್ಲೆನ್ನರ್, ಕೇನ್ ವಾಂಗ್ ಅನ್ನುವವರು ಅದನ್ನು ಬೇರ್ಪಡಿಸಿ, ಒಂದು ಸಣ್ಣ ಪ್ರೋಟೀನ್ ತುಣುಕು ಅಂತ ತೋರಿಸಿದರು. ಅಮೈಲಾಯ್ಡ್ ಬೀಟಾ ಅಂತ ಅದರ ಹೆಸರು. ಶಂಕರಪುರದವರು ಮಲ್ಲಿಗೆ ಕಟ್ಟುವುದು ನೋಡಿದ್ದೀರಲ್ಲ? ಬಾಳೆನಾರಿನಲ್ಲಿ ಮೊಗ್ಗಿನ ಪಕ್ಕ ಮೊಗ್ಗು. ಪ್ರೋಟೀನೂ ಹಾಗೇ, ಅಮೈನೋ ಆಮ್ಲದ ಮೊಗ್ಗುಗಳ ಮಾಲೆ. ನರಕೋಶದ ಗೋಡೆಯಲ್ಲಿ ಒಂದು ಉದ್ದದ ಮಾಲೆ ನಾಟಿಕೊಂಡಿರುತ್ತದೆ. ಅದನ್ನು ಕತ್ತರಿಸುವ ಕಿಣ್ವಗಳಿವೆ. ಹೆಚ್ಚಿನ ಸಲ ಒಂದು ಕಿಣ್ವ ಸರಿಯಾದ ಕಡೆ, ನಡುವೆಯೇ ಕತ್ತರಿಸುತ್ತದೆ, ಅಲ್ಲಿಗೆ ತೊಂದರೆ ಇಲ್ಲ. ಕೆಲವು ಸಲ ಬೇರೆ ಎರಡು ಕಿಣ್ವಗಳು ಆಚೆ ಒಂದು, ಈಚೆ ಒಂದು ಕತ್ತರಿ ಹಾಕುತ್ತವೆ. ನಡುವಿನ ತುಂಡು ಕಳಚಿ ಹೊರಗೆ ಬೀಳುತ್ತದೆ. ಅದರಲ್ಲಿ 40 ಮೊಗ್ಗು ಇರಬಹುದು, 42 ಇರಬಹುದು. ಹೆಚ್ಚು ಅಂಟುವುದು 42ರದ್ದು.

ಮಾವ: ನಮ್ಮ ಕಾರ್ಕಳದ ಗೊಮ್ಮಟನೂ 42 ಅಡಿ!

ಸೊಸೆ: ಗೊಮ್ಮಟ 1432ರಿಂದ ಒಂಟಿಯಾಗಿ ನಿಂತವ ಮಾವ. ಇದಕ್ಕೆ ಒಂಟಿಯಾಗಿ ನಿಲ್ಲಲು ಬರುವುದಿಲ್ಲ. ಒಂದಕ್ಕೊಂದು ಅಂಟುತ್ತದೆ. ಎರಡು ಸೇರಿ ನಾಲ್ಕು, ನಾಲ್ಕು ಸೇರಿ ಹನ್ನೆರಡು, ಆಮೇಲೆ ಎಳೆ, ಕೊನೆಗೆ ಗಸಿ. ಒಂದು ಮಾತು ನೆನಪಿಡಿ, ಈ ತುಂಡು ನಿಮ್ಮ ಮಿದುಳಿನಲ್ಲೂ ಉಂಟು, ನನ್ನದರಲ್ಲೂ ಉಂಟು. ದಿನಾ ಹುಟ್ಟುತ್ತದೆ, ದಿನಾ ತೊಳೆದು ಹೋಗುತ್ತದೆ. ತಪ್ಪು ಇರುವುದು ಹುಟ್ಟುವುದಕ್ಕೂ ಹೋಗುವುದಕ್ಕೂ ನಡುವಿನ ಲೆಕ್ಕದಲ್ಲಿ. ಹೆಚ್ಚಿನ ಮುದುಕರಲ್ಲಿ ಕೆಡುವುದು ತೊಳೆಯುವ ಕೆಲಸ. ಆದರೆ ಡೌನ್ ಸಿಂಡ್ರೋಮ್ ಇದ್ದವರಲ್ಲಿ ಹುಟ್ಟುವುದೇ ಹೆಚ್ಚು, ಯಾಕೆಂದರೆ ಆ ಉದ್ದ ಮಾಲೆಯ ಜೀನ್ ಇರುವುದು 21ನೇ ವರ್ಣತಂತುವಿನಲ್ಲಿ, ಅವರಲ್ಲಿ ಅದು ಮೂರು ಪ್ರತಿ. ಅದಕ್ಕೇ ಅವರಿಗೆ ಈ ರೋಗ ಬೇಗ ಬರುತ್ತದೆ.

ಮಾವ: ಅಂದರೆ ಬಾವಿಯ ಹೂಳಿನ ಹಾಗೆ. ವರ್ಷವರ್ಷವೂ ತೆಗೆಸಿದರೆ ಸರಿ, ಬಿಟ್ಟರೆ ತುಂಬಿತು.

ಸೊಸೆ: ಆ ಬಾವಿಯನ್ನೇ ಹಿಡಿದುಕೊಳ್ಳಿ. ಹೂಳು ತಳದಲ್ಲಿ ಸುಮ್ಮನೆ ಕೂತರೆ ಮೇಲಿನ ನೀರು ಕುಡಿಯಬಹುದಲ್ಲ?

ಮಾವ: ಕದಡದಿದ್ದರೆ ಕುಡಿಯಬಹುದು.

ಸೊಸೆ: ಇಲ್ಲಿಯೂ ಹಾಗೇ. ತಳಕ್ಕೆ ಕೂತ ದೊಡ್ಡ ಗಸಿಗಿಂತ, ಇನ್ನೂ ತೇಲುತ್ತಿರುವ ಸಣ್ಣ ಗುಂಪುಗಳೇ ಹೆಚ್ಚು ವಿಷ ಎಂದು ಈಗ ಬಹಳ ವಿಜ್ಞಾನಿಗಳ ಅಭಿಪ್ರಾಯ. ಅವು ಹೋಗಿ ಅಂಟುವುದು ನರಸಂಧಿಗಳಿಗೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಸಂದು ಅದು. ಹೊಸ ನೆನಪು ಅಂದರೆ ಎಂತ? ಒಂದಷ್ಟು ಸಂದುಗಳು ಬಲವಾಗುವುದು, ಅಷ್ಟೇ. ಈ ತೇಲುವ ಗುಂಪುಗಳು ಬಲವಾಗಲು ಬಿಡುವುದಿಲ್ಲ. ಕೋಶದೊಳಗೆ ಸುಣ್ಣದ ಅಂಶ, ಅದೇ ಕ್ಯಾಲ್ಸಿಯಂ, ಅಳತೆ ಮೀರಿ ನುಗ್ಗುತ್ತದೆ, ಸಂದು ಸೊರಗಿ ಉದುರುತ್ತದೆ. ಕೋಶ ಸಾಯುವುದು ಬಹಳ ಆಮೇಲೆ. ಮೊದಲು ಸಾಯುವುದು ಮಾತುಕತೆ.

ಮಾವ: ಟಪಾಲು ಪೆಟ್ಟಿಗೆ ಉಂಟು, ಬಾಯಿ ಮುಚ್ಚಿದೆ. ಹಾಗೆಯಾ?

ಸೊಸೆ: ಹಾಗೇ. ಜತೆಗೆ ಮಿದುಳಿಗೆ ತನ್ನದೇ ಕಸ ಗುಡಿಸುವವರಿದ್ದಾರೆ, ಮೈಕ್ರೋಗ್ಲಿಯಾ ಅನ್ನುವ ಕೋಶಗಳು. ಮೊದಮೊದಲು ಅವು ಗಸಿಯನ್ನು ಸುತ್ತುವರಿದು ನುಂಗುತ್ತವೆ. ಗುಡಿಸಿ ಮುಗಿಯದಿದ್ದಾಗ ಸಿಟ್ಟಿಗೇಳುತ್ತವೆ, ಉರಿ ಹುಟ್ಟಿಸುವ ರಾಸಾಯನಿಕ ಸುರಿಸುತ್ತವೆ, ಚೆನ್ನಾಗಿದ್ದ ಸಂದುಗಳನ್ನೂ ಕಿತ್ತು ತಿನ್ನುತ್ತವೆ.

ಮಾವ: ಇನ್ನು ಕೋಶದ ಒಳಗಿನ ಸಿಕ್ಕು?

ಸೊಸೆ: ಅದು ಬೇರೆ ಪ್ರೋಟೀನ್. ಟೌ ಅಂತ. 1975ರಲ್ಲಿ ಗೊತ್ತಾದದ್ದು. ಟೌ ಹುಟ್ಟಾ ಕೆಟ್ಟದ್ದಲ್ಲ, ಪಾಪ, ಕೆಲಸದವ. ನಮ್ಮ ಹಳ್ಳಿಯ ಕಾಲುಸಂಕ ಯೋಚಿಸಿ. ಮೂರು ಅಡಕೆ ಮರ ಪಕ್ಕ ಪಕ್ಕ ಹಾಕಿ, ನಡುನಡುವೆ ಹಗ್ಗ ಬಿಗಿದಿರುತ್ತಾರೆ. ಹಗ್ಗ ಇರುವಷ್ಟು ದಿನ ಮಕ್ಕಳು, ಹುಲ್ಲಿನ ಹೊರೆ ಎಲ್ಲ ತೋಡು ದಾಟುತ್ತವೆ. ನರಕೋಶದ ಒಡಲು ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೆ ಅದರಿಂದ ಹೊರಟ ಎಳೆ ಕೆಲವು ಕಡೆ ಒಂದು ಮೀಟರಿನಷ್ಟು ಉದ್ದ. ಒಡಲಿನಲ್ಲಿ ತಯಾರಾದ ಸಾಮಾನು ಆ ತುದಿ ಮುಟ್ಟಬೇಕು. ಎಳೆಯೊಳಗೆ ಸಣ್ಣ ನಳಿಗೆಗಳ ಸಂಕ ಉಂಟು. ಅವುಗಳನ್ನು ಹಿಡಿದಿಡುವ ಹಗ್ಗ ಟೌ.

ಮಾವ: ಹಗ್ಗ ಬಿಚ್ಚಿತಾ?

ಸೊಸೆ: ಮಳೆಗಾಲದಲ್ಲಿ ನೆನೆದು ಕೊಳೆತ ಹಗ್ಗ ಸಡಿಲವಾಗುತ್ತದಲ್ಲ, ಹಾಗೆ. ಟೌಗೆ ಅಲ್ಲೊಂದು ಇಲ್ಲೊಂದು ಫಾಸ್ಫೇಟ್ ಅಂಟುವುದು ಸಹಜ, ಕಟ್ಟಲು ಬಿಚ್ಚಲು ಅದೇ ಉಪಾಯ. ಈ ರೋಗದಲ್ಲಿ ಅತಿಯಾಗಿ ಅಂಟುತ್ತದೆ. ಟೌ ನಳಿಗೆಯಿಂದ ಜಾರುತ್ತದೆ. ಮರಗಳು ಅಲುಗುತ್ತವೆ, ಸಾಗಣೆ ನಿಲ್ಲುತ್ತದೆ, ತುದಿಯ ಸಂದಿಗೆ ಪಡಿ ಇಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಬಿಚ್ಚಿದ ಹಗ್ಗಗಳು ಒಂದಕ್ಕೊಂದು ಹೆಣೆದುಕೊಂಡು ಕೋಶದ ಹೊಟ್ಟೆ ತುಂಬ ಸಿಕ್ಕಾಗುತ್ತವೆ. ಅಲ್‌ಝೈಮರ್ ಕಂಡ ಉಂಡೆ ಅದು.

ಮಾವ: ಒಂದು ಕೋಶ ಕೆಟ್ಟಿತು ಅಂತಿಟ್ಟುಕೊ. ಕೋಟಿಗಟ್ಟಲೆ ಇವೆಯಲ್ಲ, ಪಕ್ಕದ್ದು ಯಾಕೆ ಕೆಡಬೇಕು?

ಸೊಸೆ: ಹಾಲಿಗೆ ಹೆಪ್ಪು ಹಾಕಿದರೆ ಎಂತ ಆಗುತ್ತದೆ?

ಮಾವ: ಬೆಳಗಾಗುವಾಗ ಪಾತ್ರೆಯೆಲ್ಲ ಮೊಸರು.

ಸೊಸೆ: ತಪ್ಪಾಗಿ ಮಡಚಿಕೊಂಡ ಟೌ ಹೆಪ್ಪಿನ ಹಾಗೆ. ಪಕ್ಕದ ಕೋಶಕ್ಕೆ ಚಮಚದಷ್ಟು ದಾಟಿದರೆ ಸಾಕು, ಅಲ್ಲಿಯ ಒಳ್ಳೆಯ ಟೌ ಕೂಡ ಅದನ್ನೇ ನೋಡಿ ಮಡಚಿಕೊಳ್ಳುತ್ತದೆ. ಮೊಸರಾದದ್ದು ತಿರುಗಿ ಹಾಲಾಗುವುದಿಲ್ಲ. ಅದು ಎಲ್ಲೆಂದರಲ್ಲಿ ಹರಡುವುದೂ ಅಲ್ಲ, ಒಂದರಿಂದ ಒಂದಕ್ಕೆ ನಂಟಿರುವ ದಾರಿಯಲ್ಲೇ ಹೋಗುತ್ತದೆ. 1991ರಲ್ಲಿ ಬ್ರಾಕ್ ದಂಪತಿ ಎಷ್ಟೋ ಮಿದುಳುಗಳನ್ನು ನೋಡಿ ಆ ದಾರಿಯ ಮೆಟ್ಟಿಲುಗಳನ್ನು ಗುರುತಿಸಿದರು. ಮೊದಲ ಮೆಟ್ಟಿಲು ಕಿವಿಯ ಒಳಬದಿಗೆ ಬರುವ ಒಂದು ಮಡಿಕೆ, ಮುಂದಿನದು ಹಿಪ್ಪೊಕ್ಯಾಂಪಸ್.

ಮಾವ: ಹಿಪ್ಪೊಕ್ಯಾಂಪಸ್ ಕೆಲಸ ಎಂತ?

ಸೊಸೆ: ಹೊಸತಾಗಿ ಬಂದದ್ದನ್ನು ಹಿಡಿದು, ಜೋಡಿಸಿ, ಮಿದುಳಿನ ಬೇರೆ ಬೇರೆ ಕಡೆ ನೆಲೆಯಾಗುವ ತನಕ ನೋಡಿಕೊಳ್ಳುವುದು.

ಮಾವ: ತಡೆ. ಅದು ನಮ್ಮ ಸಾರ್ಟಿಂಗ್ ಕೋಣೆ. ಚೀಲ ಬಿಚ್ಚಿ, ಮುದ್ರೆ ಹೊಡೆದು, ಊರೂರಿಗೆ ವಿಂಗಡಿಸುವ ಜಾಗ. ಅದಕ್ಕೆ ಬೀಗ ಬಿತ್ತು ಅಂತಿಟ್ಟುಕೊ. ಇವತ್ತಿನ ಚೀಲ ಬಿಚ್ಚುವವರಿಲ್ಲ. ಬೆಳಿಗ್ಗೆ ಕಾಫಿ ಕುಡಿದ ಕಾಗದ ಯಾವ ಮನೆಗೂ ಹೋಗುವುದಿಲ್ಲ, ಅದಕ್ಕೇ ಹತ್ತು ಸಲ ಕಾಫಿ ಕೇಳುತ್ತಾಳೆ. ಆದರೆ ಅರವತ್ತು ವರ್ಷದ ಹಿಂದಿನ ಕಾಗದಗಳು ಆಗಲೇ ಬಟವಾಡೆಯಾಗಿ ಮನೆ ಮನೆ ಸೇರಿಯಾಗಿದೆ. ಚಪ್ಪಲಿಯ ಕತೆ ಅಂಥ ಒಂದು ಮನೆಯಲ್ಲಿ ಉಂಟು!

ಸೊಸೆ: ನಾನು ಇಷ್ಟು ಚಂದ ಹೇಳುತ್ತಿರಲಿಲ್ಲ ಮಾವ.

ಮಾವ: ಮತ್ತೆ ನನ್ನ ಈಗಿನ ಮುಖ? ತಿಂಗಳಿಗೊಮ್ಮೆ ಹೋಗುವವ. ಈ ಬೋಳು ತಲೆ, ಈ ಬಿಳಿ ಮೀಸೆ, ಎಲ್ಲ ಬೀಗ ಬಿದ್ದ ಮೇಲೆ ಬಂದ ಕಾಗದ. ಅವಳಲ್ಲಿ ಇರುವುದು ಕುಂಟುತ್ತಾ ಬಂದ ಹುಡುಗ. ಅವಳು ನನ್ನನ್ನು ಮರೆತಳು ಅಂತ ಹೇಗೆ ಹೇಳುವುದು?

ಸೊಸೆ: ಮುಂದೆ ಸಿಕ್ಕು ಬೇರೆ ಭಾಗಗಳಿಗೂ ಹಬ್ಬಿದರೆ ಆ ಮನೆಗಳೂ ಹೋಗಬಹುದು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಈ ಹೊತ್ತಿಗೆ ನೀವು ಹೇಳಿದ್ದು ಸರಿ.

ಮಾವ: ಇದು ಶುರುವಾದದ್ದು ಯಾವಾಗ? ಎರಡು ವರ್ಷದ ಹಿಂದೆ ಗ್ಯಾಸಿನ ಮೇಲೆ ಹಾಲು ಮರೆತಾಗಲಾ?

ಸೊಸೆ: ಬಹಳ ಮೊದಲು. ಗಸಿ ಸೇರಲು ಶುರುವಾಗುವುದು ಮರೆವು ಕಾಣುವ ಹದಿನೈದಿಪ್ಪತ್ತು ವರ್ಷ ಮೊದಲೇ. ದೊಡ್ಡಮ್ಮ ಗದ್ದೆಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದ ಕಾಲಕ್ಕೇ.

ಮಾವ: ಒಂದು ಅಡ್ಡ ಪ್ರಶ್ನೆ. ಗಸಿಯೇ ಕಾರಣ ಆದರೆ, ಗಸಿ ಇದ್ದವರಿಗೆಲ್ಲ ಮರೆವು ಬರಬೇಕಲ್ಲ?

ಸೊಸೆ: ಬರುವುದಿಲ್ಲ. ಮಿದುಳಿನ ತುಂಬ ಗಸಿ ಇದ್ದೂ ಕೊನೆಯವರೆಗೆ ಚುರುಕಾಗಿದ್ದವರಿದ್ದಾರೆ. ಮರೆವಿನ ಮಟ್ಟಕ್ಕೆ ಹೆಚ್ಚು ತಾಳೆಯಾಗುವುದು ಒಳಗಿನ ಸಿಕ್ಕು, ಹೊರಗಿನ ಗಸಿ ಅಷ್ಟಾಗಿ ಅಲ್ಲ. ಗಸಿ ಕಿಡಿ, ಸಿಕ್ಕು ಬೆಂಕಿ ಅಂತ ಬಹಳ ಜನ ನಂಬುತ್ತಾರೆ. ಆದರೆ ಕಿಡಿಯಿಂದ ಬೆಂಕಿ ಹೇಗೆ ಹತ್ತಿತು ಅನ್ನುವ ಕೊಂಡಿ ಪೂರ್ತಿ ಬಿಡಿಸಿಲ್ಲ. ಈ ದಾರಿಯಲ್ಲಿ ಮೋಸವೂ ನಡೆದಿದೆ. ತೇಲುವ ಒಂದು ಗುಂಪೇ ಇಲಿಗಳಲ್ಲಿ ಮರೆವು ತರುತ್ತದೆ ಎಂದು 2006ರಲ್ಲಿ ಬಂದ ಹೆಸರುವಾಸಿ ಪ್ರಬಂಧವನ್ನು, ಚಿತ್ರಗಳನ್ನು ತಿದ್ದಿದ್ದು ಬಯಲಾಗಿ, 2024ರಲ್ಲಿ ಹಿಂದಕ್ಕೆ ಪಡೆದರು. ಅದೊಂದು ಬಿದ್ದದ್ದರಿಂದ ಉಳಿದ ಸಾಕ್ಷಿ ಬೀಳಲಿಲ್ಲ, ಆದರೆ ನಾವೆಲ್ಲ ಇನ್ನಷ್ಟು ಎಚ್ಚರವಾದೆವು.

ಮಾವ: ಹೂಳು ತೆಗೆಸುವ ಮದ್ದು ಇಲ್ಲವಾ?

ಸೊಸೆ: ಬಂದಿದೆ. ಲೆಕಾನೆಮ್ಯಾಬ್ ಅನ್ನುವ ಪ್ರತಿಕಾಯ, 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮುಖ್ಯವಾಗಿ ಹಿಡಿಯುವುದು ನಾನು ಹೇಳಿದ ತೇಲುವ ಗುಂಪುಗಳನ್ನೇ. ಸುಮಾರು 1,800 ಜನರ ಮೇಲೆ 18 ತಿಂಗಳು ಪರೀಕ್ಷೆ ಮಾಡಿದಾಗ ರೋಗ ಮುಂದುವರಿಯುವ ವೇಗ ಶೇ. 27ರಷ್ಟು ಕಡಿಮೆಯಾಯಿತು. ನಿಲ್ಲಲಿಲ್ಲ, ತಿರುಗಿ ಬರಲಿಲ್ಲ, ನಿಧಾನವಾಯಿತು. ಅದೂ ಆರಂಭದ ಹಂತದವರಿಗೆ ಮಾತ್ರ. ಬಾವಿಗಿಳಿದು ಹೂಳೆತ್ತುವಾಗ ನೀರು ಕದಡುವ ಹಾಗೆ ಕೆಲವರಿಗೆ ಮಿದುಳಿನಲ್ಲಿ ಬಾವು, ಸಣ್ಣ ರಕ್ತಸ್ರಾವ ಆಗುತ್ತದೆ. ದೊಡ್ಡಮ್ಮ ಆ ಹಂತ ದಾಟಿಯಾಗಿದೆ.

ಮಾವ: ಈಗ ಅಕ್ಕನಿಗೆ ಕೊಡುವ ಡೊನೆಪೆಝಿಲ್ ಮಾತ್ರೆ?

ಸೊಸೆ: ಅದು ಗಸಿಯನ್ನೂ ಮುಟ್ಟುವುದಿಲ್ಲ, ಸಿಕ್ಕನ್ನೂ ಮುಟ್ಟುವುದಿಲ್ಲ. ಉಳಿದ ಸಂದುಗಳಲ್ಲಿ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಬೇಗ ಕರಗದ ಹಾಗೆ ನೋಡಿಕೊಳ್ಳುತ್ತದೆ. ಸಂಕ ರಿಪೇರಿಯಲ್ಲ, ಇರುವ ಪೋಸ್ಟ್‌ಮ್ಯಾನನಿಗೆ ಓವರ್‌ಟೈಮ್.

ಮಾವ: ಮನೆಯವರು ಅಕ್ಕನಿಗೆ ದಿನಾ ತಿಮರೆ ಚಟ್ನಿ ಮಾಡಿ ಬಡಿಸುತ್ತಾರೆ. ಒಂದೆಲಗ ತಿಂದರೆ ಬುದ್ಧಿ ಅಂತ.

ಸೊಸೆ: ತಿಮರೆಯ ಬಗ್ಗೆ ನಮ್ಮ ಮಣಿಪಾಲದ ಅಂಗರಚನಾಶಾಸ್ತ್ರಜ್ಞರೇ ಕೆಲಸ ಮಾಡಿದ್ದಾರೆ. 2006ರಲ್ಲಿ ಪ್ರಕಟವಾಯಿತು. ಬೆಳೆಯುವ ವಯಸ್ಸಿನ ಇಲಿಮರಿಗಳಿಗೆ ಎಲೆಯ ಸಾರ ಕೊಟ್ಟಾಗ ಹಿಪ್ಪೊಕ್ಯಾಂಪಸ್ಸಿನ ನರಕೋಶಗಳ ಕೊಂಬೆಗಳು ಹೆಚ್ಚು ಕವಲೊಡೆದವು. 2012ರಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ, ರೋಗ ಬರಿಸಿದ ಇಲಿಗಳಿಗೆ ಅಶ್ವಗಂಧದ ಬೇರಿನ ಸಾರ ಕೊಟ್ಟು, ಗಸಿ ಕಡಿಮೆಯಾದದ್ದನ್ನು ತೋರಿಸಿತು. ಸ್ವಾರಸ್ಯ ಎಂತ ಗೊತ್ತಾ? ಮದ್ದು ಕೆಲಸ ಮಾಡಿದ್ದು ಪಿತ್ತಜನಕಾಂಗದ ಮೂಲಕ, ಅಲ್ಲಿ ಕಸ ಹೀರುವ ಒಂದು ಪ್ರೋಟೀನನ್ನು ಹೆಚ್ಚಿಸಿ. ಆದರೆ ಇಲಿ ಇಲಿಯೇ ಮಾವ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಮದ್ದುಗಳು ಎಷ್ಟೋ. ಚಟ್ನಿ ರುಚಿಗೆ ತಿನ್ನಲಿ, ಮಾತ್ರೆ ಬಿಡುವುದು ಬೇಡ.

ಮಾವ: ಅಂದರೆ ನಮ್ಮ ಕೈಯಲ್ಲಿ ಏನೂ ಇಲ್ಲ.

ಸೊಸೆ: ದೊಡ್ಡಮ್ಮನ ಪ್ರೋಟೀನಿನ ಮೇಲೆ ಇಲ್ಲ. ನಮ್ಮ ಮೇಲೆ ಉಂಟು. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಮರೆವಿನ ರೋಗಗಳಿಗೆ ಹದಿನಾಲ್ಕು ಕಾರಣ ಪಟ್ಟಿ ಮಾಡಿತು. ರಕ್ತದೊತ್ತಡ, ಸಕ್ಕರೆ, ಕೊಬ್ಬು, ಬೀಡಿ ಸಿಗರೇಟು, ಒಂಟಿತನ, ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಹೀಗೆ. ಎಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಮರೆವಿನ ರೋಗಗಳಲ್ಲಿ ಸುಮಾರು ಶೇ. 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅದರ ಅಂದಾಜು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನ ಇಂಥ ರೋಗಗಳಲ್ಲಿದ್ದಾರೆ. ಅದರ ಅರ್ಧಕ್ಕೆ ಹತ್ತಿರ ಅಂದರೆ ಸಣ್ಣ ಲೆಕ್ಕವಾ?

ಮಾವ: ಅಕ್ಕ ಹೊರಗೆ ಹೋಗದೆ ಕೂತವಳಲ್ಲ. ನಾಲ್ಕು ಭಾಷೆ ಬರುತ್ತಿತ್ತು. ಮನೆಯಲ್ಲಿ ತುಳು, ಶಾಲೆಯ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ಮೀನಿನವಳ ಹತ್ತಿರ ಬ್ಯಾರಿ. ಅಷ್ಟು ಚುರುಕಿನವಳಿಗೆ ಹೀಗಾಯಿತಲ್ಲ.

ಸೊಸೆ: ಆ ನಾಲ್ಕು ಭಾಷೆ ಅವರನ್ನು ಕಾಯಿತು ಅನ್ನಿ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಅವರು ಹೈದರಾಬಾದಿನಲ್ಲಿದ್ದಾಗ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಮರೆವು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬರಹ ಬಾರದವರಲ್ಲೂ. ಭಾಷೆ ಗಸಿಯನ್ನು ತಡೆಯಿತು ಅಂತಲ್ಲ. ಒಂದು ತೋಡಿಗೆ ನಾಲ್ಕು ಕಾಲುಸಂಕ ಇದ್ದರೆ ಎರಡು ಕೊಚ್ಚಿ ಹೋದರೂ ಶಾಲೆಗೆ ಹೋಗುವ ಮಕ್ಕಳು ದಾಟುತ್ತಾರಲ್ಲ, ಹಾಗೆ. ಸಂಕಗಳು ಒಂದೊಂದಾಗಿ ಹೋಗುತ್ತಿದ್ದಾಗ ನಮಗ್ಯಾರಿಗೂ ಗೊತ್ತಾಗಲಿಲ್ಲ. ಕೊನೆಯದು ಅಲುಗಿದಾಗ ಗೊತ್ತಾಯಿತು.

ಮಾವ: ಇವತ್ತು ನಾನು ಎಂತ ಮಾಡಿದೆ ನೋಡಿದೆಯಲ್ಲ? ‘ಈರ್ ಏರ್’ ಅಂದ ಕೂಡಲೇ ಜೋರು ಮಾಡಿದೆ. ನಿನ್ನ ತಮ್ಮ ಅಲ್ವಾ, ಸರಿಯಾಗಿ ನೋಡು ಅಂತ ಮೂರು ಸಲ. ಅವಳು ಗೋಡೆಗೆ ಒತ್ತಿಕೊಂಡು ಕೂತಳು. ಬೀಗ ಹಾಕಿದ ಕೋಣೆಯ ಬಾಗಿಲಿಗೆ ಗುದ್ದಿದ ಹಾಗಾಯಿತು.

ಸೊಸೆ: ಆ ಬಾಗಿಲು ಬಿಟ್ಟುಬಿಡಿ. ಕಾಗದ ಮುಟ್ಟಿದ ಮನೆಗಳಿಗೆ ಹೋಗಿ. ಜಾತ್ರೆಯ ಮಾತು ಎತ್ತಿ, ಚಪ್ಪಲಿಯ ಬಣ್ಣ ಕೇಳಿ.

ಮಾವ: ಕೇಳುತ್ತೇನೆ, ಆದರೆ ಅವಳಿಗೆ ಕೇಳಿಸಬೇಕಲ್ಲ! ಕಿವಿಯ ಮೆಷಿನ್ ಮೂರು ತಿಂಗಳಿಂದ ಕಪಾಟಿನಲ್ಲಿ ಬಿದ್ದಿದೆ. ಸೆಲ್ ಮುಗಿದಿದೆ, ಹೇಗೂ ಮರೆವು ಅಲ್ವಾ ಅಂತ ಯಾರೂ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಸೊಸೆ: ಈಗ ಗಂಟೆ ಏಳೂಕಾಲು.

ಮಾವ: ಕಾಪು ಪೇಟೆಯಲ್ಲಿ ಅಂಗಡಿ ಎಂಟಕ್ಕೆ ಮುಚ್ಚುತ್ತದೆ. ಏಳು, ನಡಿ. ಎರಡು ಕಟ್ಟು ಸೆಲ್ ತೆಗೆದುಕೊಳ್ಳುವ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಕಾರ್ಕಳಕ್ಕೆ ಹೋಗುತ್ತೇನೆ. ‘ಈರ್ ಏರ್’ ಅಂತ ಕೇಳಿದರೆ, ಕಾಪುವಿನಿಂದ ಬಂದವ, ನಿಮ್ಮ ತಮ್ಮನ ಚಪ್ಪಲಿ ಸಿಕ್ಕಿತಾ ಅಂತ ವಿಚಾರಿಸಲು ಬಂದೆ ಅನ್ನುತ್ತೇನೆ.